ಸಣ್ಣ ನಿಬ್ಬು, ಭಾರದ ಕೈ

ಬೈಲಹೊಂಗಲದ ಕಚೇರಿ ಕಟ್ಟೆಯ ಮೇಲೆ ಕೂತು ಅರ್ಜಿ ಬರೆದುಕೊಡುತ್ತಿದ್ದ ಮಡಿವಾಳೆಪ್ಪನಿಗೆ ತನ್ನ ಅಕ್ಷರದ ಮೇಲೆ ಚೂರು ಹಮ್ಮಿತ್ತು. ಇರಲಿ ಬಿಡಿ, ಮುತ್ತಿನಂಥ ಅಕ್ಷರವೇ. ಆದರೆ ಮೂವತ್ತು ವರ್ಷ ಕಾರ್ಬನ್ ಕಾಗದದ ಮೇಲೆ ಬರೆದ ಕೈ ಅದು. ಮೂರನೆಯ ಪ್ರತಿಯಲ್ಲೂ ಅಕ್ಷರ ಮೂಡಬೇಕೆಂದು ಬಾಲ್‌ಪೆನ್ನನ್ನು ಒತ್ತಿ ಒತ್ತಿಯೇ ರೂಢಿ. ಈಗ ಅರ್ಜಿಗಳೆಲ್ಲ ಕಂಪ್ಯೂಟರಿಗೆ ಹೋಗಿ ಬಿಡುವು ಸಿಕ್ಕಿತ್ತು. ಒಂದು ಒಳ್ಳೆಯ ಶಾಯಿ ಪೆನ್ನು ಕೊಳ್ಳೋಣವೆಂದು ಬಜಾರಿನಲ್ಲಿ ರಾಜೇಶ್ವರಿಯ ಅಂಗಡಿಗೆ ಬಂದ.

‘ಇದ್ರಾಗ ಎಲ್ಲಾಕ್ಕಿಂತ ಸಣ್ಣ ನಿಬ್ಬು ಇದ ನೋಡ್ರಿ ಕಾಕಾ. ಬೆಣ್ಣಿಯಂಗ ಓಡತೈತಿ. ಒತ್ತಬ್ಯಾಡ್ರಿ ಮತ್ತ’ ಎಂದಳು ರಾಜೇಶ್ವರಿ.

‘ನನಗ ಬರಿಯೂದು ಕಲಸ್ತಿಯೇನವಾ?’

ಕಾಗದದ ಮೇಲೆ ‘ಮಾನ್ಯ ತಹಶೀಲ್ದಾರರವರಲ್ಲಿ’ ಎಂದು ಶುರು ಮಾಡಿದ. ಕೈ ತನ್ನ ಹಳೆಯ ಭಾರವನ್ನೇ ಹಾಕಿತು. ಎರಡನೆಯ ಪದಕ್ಕೆ ನಿಬ್ಬು ಕಿರ್ರೆಂದಿತು, ತುದಿಯ ಎರಡು ಎಸಳೂ ಬೇರೆ ಬೇರೆಯಾದವು. ರಾಜೇಶ್ವರಿ ಬೆನ್ನು ತಿರುಗಿಸಿ ಶಾಯಿ ಬಾಟಲಿ ಹುಡುಕುತ್ತಿದ್ದಳು. ಮಡಿವಾಳೆಪ್ಪ ಪೆನ್ನಿಗೆ ಮುಚ್ಚಳ ಹಾಕಿ ಉಳಿದವುಗಳ ನಡುವೆ ಇಟ್ಟುಬಿಟ್ಟ. ಆಮೇಲೆ ಹೇಳಿದರಾಯಿತು ಎಂದುಕೊಂಡ.

ಅಷ್ಟರಲ್ಲಿ ದೇವಕ್ಕ ಅಕ್ಕೋರು ಬಂದರು. ನೇಸರಗಿಯ ಸಾಲೆಯಲ್ಲಿ ಅವನ ಕೈ ಹಿಡಿದು ಅಕ್ಷರ ತಿದ್ದಿಸಿದವರು. ಎಂಬತ್ತರ ಹತ್ತಿರ ಬಂದರೂ ವಹಿ ತುಂಬ ವಚನ ನಕಲು ಮಾಡುತ್ತಿದ್ದರು. ಅದೊಂದೇ ಅವರ ದಿನದ ಸುಖ.

‘ಎಲ್ಲಾಕ್ಕಿಂತ ಸಣ್ಣಂದು ಕೊಡವಾ.’

ರಾಜೇಶ್ವರಿ ಆ ಪೆನ್ನನ್ನೇ ಕೊಟ್ಟಳು. ಅಕ್ಕೋರು ಬರೆದರು, ಗೀಚಿತು. ಮತ್ತೆ ಬರೆದರು, ಶಾಯಿ ಹರಡಿತು. ಹೇಳು, ಈಗಲಾದರೂ ಹೇಳು ಎಂದು ಮಡಿವಾಳೆಪ್ಪನ ಮನಸ್ಸು ಒದರಿದರೂ ನಾಲಿಗೆ ಹೊರಳಲಿಲ್ಲ. ನಾಲ್ಕನೆಯ ಸಲಕ್ಕೆ ಅವರು ಪೆನ್ನು ಕೆಳಗಿಟ್ಟರು.

‘ಪೆನ್ನಿಂದೇನಿಲ್ಲ ತಗಿ. ನನ್ನ ಕೈನ ಹೋತು’ ಎಂದು ಚೀಲದಿಂದ ಅರ್ಧ ತುಂಬಿದ ವಹಿ ತೆಗೆದು ಮಡಿವಾಳೆಪ್ಪನ ಕೈಗಿಟ್ಟರು. ‘ನಿನ್ನ ಅಕ್ಷರ ಛಲೋ ಅದಾವು. ಉಳದದ್ದು ನೀನ ಬರದ ಮುಗಸಪಾ.’

ತೆರೆದರೆ ಸಾಸಿವೆಯಷ್ಟು ಸಣ್ಣ, ಒಂದೂ ಅಲುಗದ ಅಕ್ಷರಗಳು. ಅವನಿಗೆ ತಡೆಯಲಾಗಲಿಲ್ಲ.

‘ಅಕ್ಕೋರ, ನಿಮ್ಮ ಕೈ ಚಂದ ಐತ್ರಿ. ಆ ನಿಬ್ಬು ನಾನ ಒತ್ತಿ ಕೆಡಿಸೇನ್ರಿ, ನೀವು ಬರೂಕಿಂತ ಮೊದಲ. ಆ ಪೆನ್ನು ನಾನ ತಗೋತೇನ್ರಿ.’

ಅಕ್ಕೋರು ಅವನ ಮುಖವನ್ನೇ ನೋಡಿದರು.

‘ಪೆನ್ನಿನ ಮಾತಲ್ಲ ಮಡಿವಾಳಾ. ನಾಕ ಸಲ ಬರದೆ. ನೀ ಬಾಜೂಕ ನಿಂತ ನೋಡಾಕ ಹತ್ತಿದ್ದಿ.’

ಅವನ ಕೈಯಿಂದ ವಹಿ ವಾಪಸು ತೆಗೆದುಕೊಂಡರು. ರಾಜೇಶ್ವರಿ ಬೇರೆ ಪೆನ್ನು ಕೊಟ್ಟಳು. ಒಂದು ಸಾಲು ನೀರಿನಂತೆ ಹರಿಯಿತು. ಅಕ್ಕೋರು ಕಾಗದವನ್ನು ಅವಳ ಕಡೆ ತಿರುಗಿಸಿ, ‘ನೋಡವಾ, ನಡಗಿಲ್ಲಲ್ಲ?’ ಎಂದರು.

‘ಛಲೋ ಬಂದಾವ್ರಿ’ ಎಂದ ಮಡಿವಾಳೆಪ್ಪ. ಅಕ್ಕೋರಾಗಲಿ ರಾಜೇಶ್ವರಿಯಾಗಲಿ ಅವನ ಕಡೆ ತಲೆ ಎತ್ತಲಿಲ್ಲ.