ಮೊಟ್ಟೆ ಕೇಳಿಸಿಕೊಂಡ ಬೈಗುಳ

"ಬಾಯಿಗೆ ಬಟ್ಟೆ ಬಿಗಿಯಾಗಿರಲಿ, ಹೊಲಸು ಮುಂಡೆ. ನಿನ್ನ ಬೇರಿನ ಮಾತು ಮೊಟ್ಟೆಗೆ ಅಂಟಿದ್ರೆ ಯಾರು ತೊಳೀಬೇಕು?"

ಹೀಗಂದವನು ಗೂಡಿನ ಅಧಿಕಾರಿ ಥೇರವಿಲ್. ಎಲ್ಫರ ಪೈಕಿ ಸಭ್ಯನೆಂದು ಹೆಸರಾದವನು. ನನ್ನ ಹೆಂಡತಿ ಮೊರ್ನಳ ಬಾಯಿಗೆ ತಾನೇ ರೇಷ್ಮೆ ಬಿಗಿದು, ಅವಳ ಹೊಟ್ಟೆಗೆ ಕುಂಬಳಕಾಯಿ ಗಾತ್ರದ ಮೊಟ್ಟೆ ಕಟ್ಟಿಸಿ, ಕೈ ತೊಳೆದುಕೊಳ್ಳಲು ಹೋದ.

ಎಲ್ಫರ ಲುವೇರ ನಗರ ಮಹಾಮರಗಳ ಕೊಂಬೆಗಳ ಮೇಲಿದೆ. ನಾವಿರುವುದು ಬೇರಿನಲ್ಲಿ. ಸಿಡಿಲಹಕ್ಕಿ ಮೊಟ್ಟೆ ಇಟ್ಟು ಹಾರಿಹೋಗುತ್ತದೆ. ಎಲ್ಫರ ಮೈ ಮೀನಿನಷ್ಟು ತಣ್ಣಗೆ. ಹಾಗಾಗಿ ಚಳಿಗಾಲದ ಕಾವಿಗೆ ನಮ್ಮ ಹೆಂಗಸರ ಹೊಟ್ಟೆ ಬೇಕು. ಮರಿ ಮೊಟ್ಟೆಯೊಳಗಿದ್ದಾಗ ಯಾವ ದನಿ ಹೆಚ್ಚು ಕೇಳುತ್ತದೋ ಆ ದನಿಯವರನ್ನೇ ಜನ್ಮವಿಡೀ ಬೆನ್ನ ಮೇಲೆ ಹೊತ್ತು ಹಾರುತ್ತದೆ. ಹಾಗಾಗಿ ಕಾವು ಕೊಡುವವಳು ಮೂಕಿಯಾಗಿರಬೇಕು. ದಿನಾ ಮಧ್ಯಾಹ್ನ, ಮುಂದೆ ಆ ಮರಿಯನ್ನು ಏರಬೇಕಾದ ಇಯೊನೆಲ್ ಎಂಬ ಎಲ್ಫ್ ಹುಡುಗಿ ಬುಟ್ಟಿಯಲ್ಲಿ ಇಳಿದು ಬಂದು, ಮೊರ್ನಳ ಹೊಟ್ಟೆಗೆ ಬಾಯಿಟ್ಟು, "ನನ್ನ ಚಿನ್ನ, ನನ್ನ ರೆಕ್ಕೆ" ಎಂದು ಹಾಡಿ ಹೋಗುತ್ತಿದ್ದಳು. ಹೊಟ್ಟೆಯ ಮೇಲೊಂದು ಮುಖವಿದೆ ಎಂಬುದು ಅವಳ ಗಮನಕ್ಕೆ ಬಂದಂತಿರಲಿಲ್ಲ.

ಕಾವಿನವಳು ಬೇರಾರನ್ನೂ ತಬ್ಬುವಂತಿಲ್ಲ. ಬಿಸಿ ಹಂಚಿಹೋಗುತ್ತದಂತೆ. ನಮ್ಮ ಎಳೆಕೂಸನ್ನು ನನ್ನ ಅವ್ವ ಎತ್ತಿಕೊಂಡು ಹೋದಳು. ನನ್ನ ಚಾಪೆ ಬಾಗಿಲ ಬದಿಗೆ ಬಂತು.

ಮೊಟ್ಟೆಯ ಮೇಲೆ ಹೊಟ್ಟೆಕಿಚ್ಚು ಅಂದರೆ ನಗುತ್ತೀರಿ. ನಿಮ್ಮ ಹೆಂಡತಿ ಇನ್ನೊಬ್ಬರ ವಸ್ತುವನ್ನು ತಬ್ಬಿ ಮಲಗಿ, ನಿದ್ದೆಯಲ್ಲೂ ಅದನ್ನೇ ಸವರುವುದನ್ನು ಒಂದು ಚಳಿಗಾಲ ನೋಡಿ, ಆಮೇಲೆ ನಗಿ. ಎಲ್ಫರ ಬುಟ್ಟಿ ಏರಿಸಿ ಇಳಿಸುವ ಕೆಲಸ ಮುಗಿಸಿ ಬಂದವನೇ ನಾನು ಅದರ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದೆ.

"ಏನ್ಲಾ ಬಡ್ಡೀಮಗನೆ, ಕೊಬ್ಬಿದ್ಯಾ? ನನ್ ಹೆಂಡ್ರು ಬಿಸಿ ಸುಖ್ವಾಗೈತಾ? ನನ್ ಕೂಸು ಅಲ್ಲಿ ನಡುಗ್ತೈತೆ, ನೀನಿಲ್ಲಿ ದೊರೆ ಹಂಗೆ ಬಿದ್ಕೊಂಡಿದ್ಯಲ್ಲ."

ಮೊರ್ನ ಬಟ್ಟೆಯೊಳಗೇ ನಗುತ್ತಿದ್ದಳು. ಮೊಟ್ಟೆ ಕುಲುಕುತ್ತಿತ್ತು. ಅವಳ ಬಾಯಿ ಕಟ್ಟಿದವರಿಗೆ, ಮನೆಯಲ್ಲಿ ಗಂಡನೆಂಬ ಇನ್ನೊಂದು ಬಾಯಿ ಇದೆಯೆಂದು ಹೊಳೆದಿರಲಿಲ್ಲ. ನಿಜ ಹೇಳಬೇಕೆಂದರೆ, ನನಗೂ.

ಮೊಟ್ಟೆ ಬಿರುಕು ಬಿಟ್ಟ ಬೆಳಿಗ್ಗೆ ನಾವು ಬುಟ್ಟಿಯವರು ಮೊರ್ನಳನ್ನು ಹೆಗಲ ಮೇಲೆ ಹೊತ್ತು ಮೇಲಿನ ಅಂಗಳಕ್ಕೆ ಏರಿಸಿದೆವು. ನಗರವೇ ನೆರೆದಿತ್ತು. ಮರಿ ಹೊರಬಂತು: ಒದ್ದೆ, ನೀಲಿ, ಕುರೂಪಿ. ಇಯೊನೆಲ್ ಕೈಚಾಚಿ ಹಾಡಿದಳು. ಮರಿ ಆಕಳಿಸಿತು. ಮತ್ತೆ ಹಾಡಿದಳು. ಅದು ತನ್ನ ಕಾಲು ಕೆರೆದುಕೊಂಡಿತು.

ಥೇರವಿಲ್ ಬೆಳ್ಳಿಯ ದಾರ ತೆಗೆದ. ತನಗೆ ಗೊತ್ತುಮಾಡಿದ ಎಲ್ಫ್ ಮಗುವಿನ ಬಳಿ ಹೋಗದ ಮರಿಯ ಕತ್ತು ಅಲ್ಲೇ ಬಿಗಿಯುವುದು ರೂಢಿ.

"ಕಾವು ಕೆಟ್ಟಿದೆ," ಅಂದ. "ಈ ಬೇರಿನ ಹೆಂಗಸರ ರಕ್ತವೇ ಇಷ್ಟು."

ಮೊರ್ನ ನನ್ನ ಕಡೆ ನೋಡಿದಳು. ಬಟ್ಟೆಯ ಮೇಲೆ ಕಣ್ಣು ಮಾತ್ರ.

"ಹೋಗ್ಲಾ, ಬಡ್ಡೀಮಗನೆ," ಎಂದು ನಾನು ಕುಕ್ಕರಗಾಲಲ್ಲಿ ಕೂತು ಗೊಣಗಿದೆ, "ಆ ಹುಡ್ಗಿ ತಾವ ಹೋಗು. ಸಾಯ್ತೀಯ."

ಮರಿ ತಲೆಯೆತ್ತಿತು. ತೊನೆಯುತ್ತಾ ಬಂದು, ಎರಡು ಬಾರಿ ಮುಗ್ಗರಿಸಿ, ನನ್ನ ಕಂಕುಳಲ್ಲಿ ಕೊಕ್ಕು ತುರುಕಿತು.

"ನನ್ನ ಹಕ್ಕಿ ಅವನ ಹತ್ರ ಯಾಕೆ ಹೋಯ್ತು?" ಇಯೊನೆಲ್ ಅತ್ತಳು. ಕೊಂಬೆಯವರಿಗೂ ಹೊಟ್ಟೆ ಉರಿಯುತ್ತದೆಂದು ಗೊತ್ತಾಗಿ ನನಗೆ ಹಿತವಾಯಿತು. ಆಮೇಲೆ ಮೊರ್ನಳನ್ನು ನೋಡಿದೆ. ಚಳಿಗಾಲವಿಡೀ ನಾನು ಮೊಟ್ಟೆಯನ್ನು ಹೇಗೆ ನೋಡಿದ್ದೆನೋ ಹಾಗೆ ಅವಳು ನನ್ನನ್ನು ನೋಡುತ್ತಿದ್ದಳು. ಬಿಸಿ ಕೊಟ್ಟವಳು ಅವಳು. ಅದು ಬಂದದ್ದು ನನ್ನ ಬೈಗುಳಕ್ಕೆ.

"ಇವನ ನಾಲಿಗೆ ತೆಗೆಯಿರಿ," ಅಂದ ಥೇರವಿಲ್, ಬಹಳ ಸೌಜನ್ಯದಿಂದ. "ದನಿ ಇಲ್ಲದಿದ್ರೆ ಮರಿ ಮರೆಯುತ್ತೆ." ಕತ್ತಿ ಬಂತು.

ಮೊರ್ನ ಬಾಯಿಯ ಬಟ್ಟೆ ಬಿಚ್ಚಿ ಕೆಳಗೆ ಹಾಕಿದಳು. ಗಂಟಲು ತುಕ್ಕು ಹಿಡಿದಿತ್ತು.

"ಏನ್ಲಾ ಬಡ್ಡೀಮಗನೆ," ಅಂದಳು ಮರಿಗೆ. "ಕೊಬ್ಬಿದ್ಯಾ?"

ಮರಿ ಕಂಕುಳಿಂದ ಇಣುಕಿತು. ನನ್ನ ಹಿಂದಿದ್ದ ಮುದುಕ ಹುಂಗ ಕ್ಯಾಕರಿಸಿ, "ಏನ್ಲಾ ಬಡ್ಡೀಮಗನೆ," ಅಂದ. ಆಮೇಲೆ ಬುಟ್ಟಿಯವರೆಲ್ಲ, ಒಬ್ಬೊಬ್ಬರಾಗಿ, ತಮ್ಮ ತಮ್ಮ ಧಾಟಿಯಲ್ಲಿ. ಮರಿ ಅತ್ತಿತ್ತ ಕತ್ತು ತಿರುಗಿಸುತ್ತಲೇ ಇತ್ತು.

ಯಾವ ನಾಲಿಗೆಯಿಂದ ಶುರುಮಾಡುವುದೆಂದು ತಿಳಿಯದೆ ಥೇರವಿಲ್ ಕತ್ತಿ ಹಿಡಿದು ನಿಂತ.

ಮೊರ್ನ ಅವನ ಮುಂದೆಯೇ ಹಾದು ಬಂದು ನನ್ನ ತೋಳು ಎತ್ತಿ ಮರಿಯನ್ನು ಕಿತ್ತುಕೊಂಡಳು.

"ಕೊಡಿಲ್ಲಿ," ಅಂದಳು ನನಗೆ. "ನಂದು."