ಸತ್ತ ತೊಟ್ಟಿ

"ಗೇಟು ತೆಗಿಯೇ ಮುಂಡೆ. ಕೊಚ್ಚೆ ಕಲಕೋಳ ಹತ್ರ ಯಾರೇ ಬುದ್ಧಿ ಕೇಳಿದ್ದು?"

ಸಾಹೇಬರು ತೊಟ್ಟಿಯಿಂದ ಹತ್ತು ಹೆಜ್ಜೆ ಆಚೆಯೇ ನಿಂತು ಕೂಗುತ್ತಿದ್ದರು. ಊರಿನ ಕೊಳಚೆಯೆಲ್ಲ ಬಂದು ತಿಳಿಯಾಗುವ ತೊಟ್ಟಿ ಅದು. ಇಪ್ಪತ್ತು ವರ್ಷದಿಂದ ಅದರ ಕೆಸರು ಕಲಕುತ್ತ ಬಂದವಳು ರೊಚ್ಚಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ಅವಳಿಗೇ ಮರೆತುಹೋಗಿತ್ತು. ಗೇಟಿಗೆ ಸಿಕ್ಕಿಸಿ ತಿರುಗಿಸುವ ಕಬ್ಬಿಣದ ಹಿಡಿಕೆ ಅವಳ ಕೈಯಲ್ಲಿತ್ತು. ತಿರುಗಿಸಿದರೆ ನೀರು ಕಾಲುವೆಗೆ, ಅಲ್ಲಿಂದ ಅವಳ ತಂಗಿಯ ಮೀನುಮರಿ ಹೊಂಡಕ್ಕೆ.

"ತೊಟ್ಟಿ ಸತ್ತಿದೆ ಸಾಮಿ. ಒಳಗೆ ಕೊಳೆ ತಿನ್ನೋ ಹುಳ ಒಂದೂ ಉಳಿದಿಲ್ಲ."

"ತೊಟ್ಟಿ ಸಾಯುತ್ತೇನೇ? ಮಿಷಿನ್ನು ಸರಿಯಿದೆ ಅಂತ ತೋರಿಸ್ತಿದೆ. ಮಿಷಿನ್ನಿಗಿಂತ ನೀನು ದೊಡ್ಡೋಳಾ?"

ಮಿಷಿನ್ನು ಏನಾದರೂ ತೋರಿಸಲಿ, ರೊಚ್ಚಕ್ಕನ ಲೆಕ್ಕವೇ ಬೇರೆ. ದಿನಾ ಬೆಳಿಗ್ಗೆ ಗಾಜಿನ ಬಾಟಲಿಯಲ್ಲಿ ತೊಟ್ಟಿಯ ನೀರು ತುಂಬಿ ಅರ್ಧ ಗಂಟೆ ಕಾಯುವಳು. ಕಂದು ಕೆಸರು ತಳಕ್ಕೆ ಕೂತು, ಮೂಸಿದರೆ ಹಸಿಮಣ್ಣಿನ ವಾಸನೆ ಬಂದರೆ ತೊಟ್ಟಿಗೆ ಜೀವವಿದೆ ಅಂತ ಅರ್ಥ.

ಎರಡು ವಾರದ ಕೆಳಗೆ ವಾಸನೆ ಪೂರ್ತಿ ನಿಂತುಹೋಯಿತು. ಮೈಗಂಟಿದ ನಾತಕ್ಕೆ ಬಸ್ಸಿನಲ್ಲಿ ಯಾರೂ ಪಕ್ಕಕ್ಕೆ ಕೂರಿಸಿಕೊಳ್ಳದ ಹೆಂಗಸು ಅವಳು, ನಾತ ತೊಲಗಿತಲ್ಲ ಅಂತ ಹಿಗ್ಗಿಬಿಟ್ಟಳು. ಆ ಖುಷಿಯಲ್ಲಿ ಬಾಟಲಿ ಕೂಡ ನೋಡದೆ ಗೇಟು ತೆಗೆದಳು. ನಾಲ್ಕನೇ ದಿನಕ್ಕೆ ತಂಗಿಯ ಹೊಂಡದ ಮರಿಗಳೆಲ್ಲ ಹೊಟ್ಟೆ ಮೇಲಾಗಿ ತೇಲಿದವು.

"ಅಕ್ಕಾ, ಏನು ಬಿಟ್ಟೆ ಈ ನೀರಲ್ಲಿ?" ಎಂದಳು ತಂಗಿ, ಜರಡಿಯಲ್ಲಿ ಗೋರುತ್ತ. ರೊಚ್ಚಕ್ಕನಿಗೆ ಅಳು ಬರಲಿಲ್ಲ. ಇನ್ನೊಂದು ಜರಡಿ ಹಿಡಿದು ತಾನೂ ಗೋರಿದಳು.

ಲ್ಯಾಬಿನಲ್ಲಿ ಬಾಟಲಿ ತೊಳೆಯುವ ಮುದುಕ ಹೇಳಿದ ಮೇಲೆ ವಿಷಯ ತಿಳಿಯಿತು. "ಮೇಲ್ಗಡೆ ಕಾಲುಚೀಲದ ಫ್ಯಾಕ್ಟರಿ ಬಂದಿದೆಯಲ್ಲಮ್ಮ. ಅವುಕ್ಕೆ ನಾತ ಬರಬಾರದು ಅಂತ ಹುಳ ಕೊಲ್ಲೋ ಬೆಳ್ಳಿ ಪುಡಿ ಹಾಕ್ತಾರಂತೆ. ನ್ಯಾನೋ ಅಂತಾರೆ, ಧೂಳಿಗಿಂತ ಸಾವಿರ ಪಾಲು ಸಣ್ಣದು. ತೊಳೆದ ನೀರೆಲ್ಲ ಇಲ್ಲಿಗೇ. ನಾತದ ಹುಳ ಯಾವುದು, ನಿನ್ನ ತೊಟ್ಟಿ ಹುಳ ಯಾವುದು, ಅದಕ್ಕೇನು ಗೊತ್ತು?"

"ಮಿಷಿನ್ನಿಗೆ ಗೊತ್ತಾಗಲ್ವಾ?"

"ಬೆಳ್ಳಿ ನೋಡು ಅಂತ ಯಾವ ಬೋಳಿಮಗ ಹೇಳಿದ್ದಾನೆ ಅದಕ್ಕೆ?"

ಮೀನು ಸತ್ತ ದಿನ ಮುಚ್ಚಿದ ಗೇಟನ್ನು ರೊಚ್ಚಕ್ಕ ಮತ್ತೆ ತೆಗೆದಿರಲಿಲ್ಲ. ತಂಗಿ ಹೊಂಡ ತೊಳೆದು, ಕೊರಳಿನದನ್ನು ಮಾರಿ ನಿನ್ನೆ ತಾನೇ ಹೊಸ ಮರಿ ತಂದು ಬಿಟ್ಟಿದ್ದಳು.

"ಇನ್ನೊಂದು ಗಂಟೇಲಿ ತೊಟ್ಟಿ ತುಂಬುತ್ತೆ," ಸಾಹೇಬರು ಗಡಿಯಾರ ನೋಡಿಕೊಂಡರು. "ತೆಗೀತೀಯೋ, ನಾಳೆಯಿಂದ ಮನೇಲಿ ಬಿದ್ದಿರ್ತೀಯೋ?"

ರೊಚ್ಚಕ್ಕ ಹಿಡಿಕೆಯನ್ನು ಒಮ್ಮೆ ಸೆರಗಿನಲ್ಲಿ ಒರೆಸಿದಳು. ಇಪ್ಪತ್ತು ವರ್ಷದ ಅಭ್ಯಾಸ. ಆಮೇಲೆ ತೊಟ್ಟಿಯ ನಡುವಿಗೆ ಎಸೆದಳು. ಅಂಥದ್ದು ಇನ್ನೊಂದು ಇರಲಿಲ್ಲ.

"ಬೇಕಾದ್ರೆ ಇಳಿದು ತಗೊಳ್ಳಿ ಸಾಮಿ," ಎಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಸಾಹೇಬರ ಬಾಯಿಂದ ಸೂಳೆ, ರಂಡೆ ಎಲ್ಲ ಬಂದವು. ಕೂಲಿಯವರನ್ನು ಒಬ್ಬೊಬ್ಬರನ್ನಾಗಿ ಕರೆದು ಇಳಿಯಲು ಹೇಳಿದರು. ಅವರು ರೊಚ್ಚಕ್ಕನ ಮುಖ ನೋಡಿ, ನೆಲ ನೋಡಿ, ಹಿಂದೆ ಸರಿದರು.

ಫ್ಯಾಕ್ಟರಿಯ ನೀರು ಬರುವುದು ನಿಲ್ಲಲಿಲ್ಲ. ಗಂಟೆ ತುಂಬುವ ಮುಂಚೆಯೇ ತೊಟ್ಟಿ ಕಟ್ಟೆ ದಾಟಿತು. ತಗ್ಗಿದ್ದದ್ದು ಆಫೀಸಿನ ಕಡೆ. ನೀರು ಹೊಸ್ತಿಲು ಹತ್ತಿ ಕಡತಗಳ ಕೆಳಗೆ ನುಗ್ಗಿತು. ಸಾಹೇಬರು ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಮೇಜು ಹತ್ತಿದರು. ರೊಚ್ಚಕ್ಕ ಹಿಮ್ಮಡಿ ಮುಳುಗುವ ನೀರಿನಲ್ಲಿ, ಗೇಟಿಗೆ ಬೆನ್ನು ಕೊಟ್ಟು ನಿಂತೇ ಇದ್ದಳು.