ಬರ್ಚ್ ಬೀದಿಯ ಉಯ್ಯಾಲೆ

ಕೆಲ್ಸೋ ಬೇ ನಗರಸಭೆಯಲ್ಲಿ ಪಾರ್ಕುಗಳ ನಕ್ಷೆ ಬರೆಯುತ್ತಲೇ ತಲೆ ನೆರೆದ ಲೋರ್ನಾ ಮಾಸೆಕ್‌ಗೆ ಈಗೀಗ ಸಭೆಯೆಂದರೆ ಮೈಯೆಲ್ಲ ಭಾರವಾಗುತ್ತಿತ್ತು. ಬರ್ಚ್ ಬೀದಿಯ ಹಳೆಯ ಪಾರ್ಕನ್ನು ಎಲ್ಲ ವಯಸ್ಸಿನವರಿಗೂ ಒಗ್ಗುವಂತೆ ಮಾಡಬೇಕೆಂದು ಆದೇಶವಾಗಿತ್ತು. ಶಾಲೆಯ ಜಿಮ್‌ನಲ್ಲಿ ಸಭೆಯ ಮೇಲೆ ಸಭೆ ನಡೆಯಿತು. ತಾಯಂದಿರು ಜಾರುಬಂಡೆ ಕೇಳಿದರು. ಹುಡುಗರು ಬ್ಯಾಸ್ಕೆಟ್‌ಬಾಲ್ ಅಂಕಣ ಕೇಳಿದರು. ಎದುರುಮನೆಯವರು ಚೆಂಡಿನ ಸದ್ದೇ ಬೇಡವೆಂದರು. ವಯಸ್ಸಾದವರಿಗೆ ಬೆಂಚು ಸಾಕು ಎಂದು ಅವರ ಮಕ್ಕಳೇ ಹೇಳಿಬಿಟ್ಟರು. ಹರೆಯದ ಹುಡುಗಿಯರು ಅತ್ತ ಸುಳಿಯಲೇ ಇಲ್ಲ. ಲೋರ್ನಾ ಅಳಿಸಿ ಅಳಿಸಿ ಬರೆದಳು. ಕೊನೆಗೆ ಉಳಿದದ್ದು ಯಾರೂ ಬೈಯದ, ಯಾರಿಗೂ ಬೇಡದ ನಕ್ಷೆ.

ಮೇ ತಿಂಗಳ ಒಂದು ಮಧ್ಯಾಹ್ನ, ಕಡಿಯಬಾರದ ಮರಗಳಿಗೆ ಗುರುತಿನ ಪಟ್ಟಿ ಕಟ್ಟಲು ಅವಳು ಪಾರ್ಕಿಗೆ ಹೋದಳು. ಚಿಕ್ಕವರ ಉಯ್ಯಾಲೆಗಳಲ್ಲಿ ಇಬ್ಬರು ಹೈಸ್ಕೂಲು ಹುಡುಗಿಯರು ಕಾಲು ಮಡಚಿಕೊಂಡು ಕೂತಿದ್ದರು. ಮಗುವನ್ನೆತ್ತಿಕೊಂಡು ಬಂದ ಒಬ್ಬಾತ, ಚಿಕ್ಕ ಮಕ್ಕಳಿಗೆ ಮಾತ್ರ ಎಂಬ ಬೋರ್ಡು ಕಾಣುವುದಿಲ್ಲವೇ ಎಂದು ಗದರಿಸಿದ. ಅವರು ಎದುರಾಡದೆ ಎದ್ದರು. ಕೇಲಿನ್ ಎಂಬ ಹುಡುಗಿ ಲೋರ್ನಾಳ ಕೊರಳಲ್ಲಿದ್ದ ನಗರಸಭೆಯ ಗುರುತುಚೀಟಿ ನೋಡಿ, "ನಾವು ಎಲ್ಲಿ ಕೂತ್ರೂ ಏಳಿ ಅಂತಾರೆ" ಎಂದಳು. ದೂರಿನಂತಿರಲಿಲ್ಲ, ಹವಾಮಾನದ ಮಾತಿನಂತಿತ್ತು.

ಪಕ್ಕದ ಬೆಂಚಿನಲ್ಲಿ ಇರ್ಯಾ ನಿಯೆಮಿ ಎಂಬ ಅಜ್ಜಿ ಕೂತಿದ್ದರು. ಮದುವೆಯಾಗಿ ಫಿನ್‌ಲ್ಯಾಂಡಿನಿಂದ ಬಂದ ಅವರು ಈಗ ಎದುರಿನ ವೃದ್ಧರ ವಸತಿಯಲ್ಲಿದ್ದರು. ಲೋರ್ನಾ ಅಭ್ಯಾಸಬಲದಿಂದ, ಎಂಥ ಬೆಂಚು ಬೇಕು, ಕೈಯಿರುವುದೋ ಇಲ್ಲದ್ದೋ ಎಂದು ಕೇಳಿದಳು.

"ಕೂತು ಕೂತು ಸಾಕಾಗಿದೆ ಕಣಮ್ಮ. ನಂಗೂ ಉಯ್ಯಾಲೆ ಬೇಕು. ನಗೋದಿದ್ರೆ ನಕ್ಬಿಡು."

ಲೋರ್ನಾ ನಗಲಿಲ್ಲ. ಇರ್ಯಾ ತಮ್ಮೂರಿನ ಉಯ್ಯಾಲೆಯ ಕತೆ ಹೇಳಿದರು: ದಪ್ಪ ದಿಮ್ಮಿಗಳ ಚೌಕಟ್ಟು, ಎದುರುಬದುರು ಹಲಗೆ, ನಡುಬೇಸಿಗೆಯ ಹಬ್ಬದಲ್ಲಿ ಅಜ್ಜಿಯರೂ ಹುಡುಗಿಯರೂ ಒತ್ತೊತ್ತಾಗಿ ಕೂತು ತೂಗಿಕೊಳ್ಳುತ್ತಿದ್ದದ್ದು. ಹೊರಟಿದ್ದ ಕೇಲಿನ್ ನಿಂತು ಕೇಳಿಸಿಕೊಂಡಳು.

"ಅಂಥದ್ರಲ್ಲಿ ನಾವೂ ಕೂರಬಹುದಾ?"

"ನೀವಿಲ್ದೆ ತಳ್ಳೋರು ಯಾರು ಮರಿ?" ಎಂದರು ಇರ್ಯಾ.

ಆ ವಾರ ಲೋರ್ನಾ ನಕ್ಷೆಯಲ್ಲಿ ಆ ಉಯ್ಯಾಲೆಯನ್ನೇ ಬರೆದಳು. ಮೇಲಧಿಕಾರಿ ಗ್ರೇಂಜರ್ ಕೆಟ್ಟವನಲ್ಲ. ಯಾರದಾದರೂ ಹಲ್ಲು ಮುರಿದರೆ ವಿಮೆಯವರು ಹಿಡಿಯುವುದು ತನ್ನ ಕೊರಳನ್ನೇ ಎಂದ. ಎದುರುಬದುರು ಹಲಗೆಗಳಲ್ಲಿ ಒಂದು ಹೋಯಿತು. ಸರಪಳಿ ಗಿಡ್ಡವಾಯಿತು. ಎತ್ತರಕ್ಕೆ ಏರದಂತೆ ತಡೆ ಬಂತು. ಹಿಂದಾದರೆ ಒಂದೊಂದಕ್ಕೂ ಜಗಳವಾಡುತ್ತಿದ್ದವಳು ಈಗ ಒಂದೊಂದಕ್ಕೂ ತಲೆಯಾಡಿಸಿದಳು. ಎರಡನ್ನು ಮಾತ್ರ ಬಿಡಲಿಲ್ಲ: ನಾಲ್ವರು ಕೂರುವಷ್ಟು ಅಗಲದ ಹಲಗೆ ಇರಬೇಕು, ಪಕ್ಕದಲ್ಲಿ ವಯಸ್ಸಿನ ಬೋರ್ಡು ಇರಬಾರದು. ಅಷ್ಟಕ್ಕೇ ಅವಳ ಕಸುವು ಮುಗಿದಿತ್ತು.

ಸೆಪ್ಟೆಂಬರಿನಲ್ಲಿ ಉಯ್ಯಾಲೆ ನಿಂತಿತು. ಹಿಂದೆಯೇ ಫೋನುಗಳು ಬಂದವು. ಹುಡುಗಿಯರು ಇಳಿಯುವುದೇ ಇಲ್ಲವೆಂದು ಒಬ್ಬರು, ಮುದುಕರು ಹಿಡಿದರೆ ಬಿಡುವುದಿಲ್ಲವೆಂದು ಇನ್ನೊಬ್ಬರು. ಬೇರೊಂದು ಬಡಾವಣೆಯ ಸಭೆ ಮುಗಿಸಿಕೊಂಡು, ಮಂಡಿನೋವಿನ ಕಾಲೆಳೆಯುತ್ತ ಲೋರ್ನಾ ಅಲ್ಲಿಗೆ ಹೋದಳು. ಇರ್ಯಾ ಹಲಗೆಯ ತುದಿಯಲ್ಲಿದ್ದರು, ಪಕ್ಕದಲ್ಲಿ ಕೇಲಿನ್ ಮತ್ತವಳ ಗೆಳತಿ.

"ಇದು ಉಯ್ಯಾಲೆ ಅಲ್ಲಮ್ಮ, ತೂಗುಕುರ್ಚಿ" ಎಂದರು ಇರ್ಯಾ.

"ನನ್ ಕೈಲಾಗಿದ್ದು ಇಷ್ಟೇ."

ಕೇಲಿನ್ ಲೋರ್ನಾಳ ಮುಖವನ್ನೊಮ್ಮೆ ನೋಡಿ ಅತ್ತ ಸರಿದಳು. "ಕೂತ್ಕೊಳ್ಳಿ. ಜಾಗ ಇದೆ."

ಒಂದು ನಿಮಿಷವೆಂದು ಕೂತವಳಿಗೆ ಎಚ್ಚರವಾದಾಗ ಬಿಸಿಲು ಮರಗಳ ತುದಿಗೆ ಏರಿತ್ತು. ಹುಡುಗಿಯರು ಮನೆಗೆ ಹೋಗಿದ್ದರು. ಇರ್ಯಾ ಒಂದೇ ಕಾಲಿನಿಂದ ನೆಲವನ್ನು ಮೆಲ್ಲಗೆ ಒತ್ತುತ್ತಿದ್ದರು. ಆಚೆ ದಂಪತಿಗಳಿಬ್ಬರು ಇತ್ತಲೇ ನೋಡುತ್ತ ನಿಂತಿದ್ದರು. ಲೋರ್ನಾ ಏಳಲು ಹೋದಳು.

"ಅವರು ಆಗ್ಲೇ ಬಂದು ಜಾಗ ಬಿಡ್ತೀರಾ ಅಂತ ಕೇಳಿದ್ರು" ಎಂದರು ಇರ್ಯಾ, ಅವಳ ತೋಳು ಹಿಡಿದು. "ಇವಳು ನಿದ್ದೆ ಮಾಡ್ತಿದ್ದಾಳೆ ಅಂದೆ. ಇನ್ನೊಂಚೂರು ನಿಲ್ಲಲಿ ಬಿಡು."

ಲೋರ್ನಾ ಮತ್ತೆ ಒರಗಿಕೊಂಡಳು.